ಗುಡಿಯ ಕಲ್ಲು, ಸೇತುವೆಯ ಹಗ್ಗ

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಪಕ್ಕದಲ್ಲೇ ಎರಡು ಕಾಲದ ಕಟ್ಟಡ ವಿದ್ಯೆಗಳನ್ನು ಕಾಣಬಹುದು.

ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿಯಲ್ಲಿ ಚಾವಣಿಯ ಭಾರ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಬುನಾದಿಗೆ ಇಳಿಯುತ್ತದೆ. ಕಲ್ಲು ಭಾರೀ ಒತ್ತಡವನ್ನೂ ತಾಳುತ್ತದೆ, ಆದರೆ ಬಾಗಿಸಿದರೆ ಬಿರಿಯುತ್ತದೆ. ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿರುವುದು ಅದಕ್ಕೇ. ಒಳಗೆ ನಿಂತು ಒಮ್ಮೆ ತಲೆಯೆತ್ತಿ ನೋಡಿ.

ಸುಮಾರು 201 ಮೀಟರ್ ಉದ್ದದ ತೂಗುಸೇತುವೆಯ ಲೆಕ್ಕ ತದ್ವಿರುದ್ಧ. ಇಲ್ಲಿ ಲೋಹದ ಹಗ್ಗಗಳು ಹಾದಿಯನ್ನು ಮೇಲಿನಿಂದ ಹಿಡಿದಿವೆ. ನಡೆಯುವವರ ಭಾರ ಎಳೆತವಾಗಿ ದಂಡೆಗಳಿಗೆ ಸೇರುತ್ತದೆ. ಇಂದಿನ ಗಗನಚುಂಬಿಗಳಲ್ಲಿ ಈ ಎರಡೂ ಲೆಕ್ಕ ಸೇರುತ್ತವೆ: ಒತ್ತಡಕ್ಕೆ ಕಾಂಕ್ರೀಟು, ಎಳೆತಕ್ಕೆ ಉಕ್ಕು ಒಟ್ಟಾಗಿ ದುಡಿಯುತ್ತವೆ.

ಹೆಜ್ಜೆಯಿಟ್ಟರೆ ಸೇತುವೆ ತುಸು ಅಲುಗುವುದು ದೋಷವಲ್ಲ, ಅದರ ಗುಣ. ಗುಡಿಯ ಕಂಬ ಹಾಗೆ ಅಲುಗುವಂತಿಲ್ಲ.