ಸ್ವಿಸ್ ಸೈನಿಕನ ಚಾಕುವಿನ ಹಿಡಿ

ಮಡಿಸುವ ಚಾಕುವಿನಲ್ಲಿ ಕೊಯ್ಯುವುದು ಅಲಗಾದರೂ ಕೈಯ ಬಲವೆಲ್ಲ ಹಿಡಿಯ ಮೂಲಕವೇ ಅಲಗಿಗೆ ಇಳಿಯಬೇಕಾಗಿರುವುದರಿಂದ, ಬೆವರಿನಲ್ಲೋ ಮಳೆಯಲ್ಲೋ ನೆನೆದ ಅಂಗೈಯಲ್ಲಿ ಆ ಹಿಡಿ ಜಾರದಂತೆ ಮಾಡುವುದು ಚಾಕು ತಯಾರಕರ ಬಹು ಹಳೆಯ ಚಿಂತೆಯಾಗಿದೆ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಕುಶಲಿಗರು ಇದಕ್ಕೆಂದು ಭಾರತದಿಂದ ಕಡವೆಯ ಕೊಂಬನ್ನು ತರಿಸಿಕೊಳ್ಳುತ್ತಿದ್ದರು. ಪಶ್ಚಿಮಘಟ್ಟವೂ ಸೇರಿದಂತೆ ಈ ದೇಶದ ಹಲವು ಕಾಡುಗಳಲ್ಲಿ ಬದುಕುವ ಈ ದೊಡ್ಡ ಜಿಂಕೆಯ ಕೊಂಬು ಒಳಗೆ ಗಟ್ಟಿಯಾಗಿಯೂ ಹೊರಗೆ ಉದ್ದುದ್ದನೆಯ ಗೀರುಗಳಿಂದ ಒರಟಾಗಿಯೂ ಇದ್ದು, ಹಿಡಿತವೆಂಬುದು ಅದರಲ್ಲಿ ಹುಟ್ಟಿನಿಂದಲೇ ಬಂದಿರುತ್ತದೆ. ಕೊಂಬಿನ ಬದಲಿಗೆ ದನದ ಕಾಲೆಲುಬನ್ನು ಬಳಸುವಾಗ ಅದೇ ಗೀರುಗಳನ್ನು ಹೋಲುವ ಗುಳಿಗಳನ್ನು ಎಲುಬಿನ ಮೇಲೆ ಕೊರೆಯುವುದು ವಾಡಿಕೆಯಾಯಿತು.

ಸ್ವಿಟ್ಜರ್ಲೆಂಡಿನ ಸೇನೆ ತನ್ನ ಸೈನಿಕರಿಗೆ ಕೊಟ್ಟ ಚಾಕುವಿನಲ್ಲಿ ಈ ಚಿಂತೆಯ ಮುಂದಿನ ಹಂತಗಳು ಒಂದರ ಹಿಂದೊಂದರಂತೆ ಕಾಣಸಿಗುತ್ತವೆ. ಡಬ್ಬಿ ತೆರೆಯುವುದಕ್ಕೂ 1889ರ ಮಾದರಿಯ ಬಂದೂಕನ್ನು ಬಿಚ್ಚಿ ಜೋಡಿಸುವುದಕ್ಕೂ ಒದಗಬೇಕೆಂದು ರೂಪಿಸಿದ 1890ರ ಮಾದರಿಗೆ ಕಪ್ಪು ಛಾಯೆಯ ಓಕ್ ಮರದ ಹಿಡಿಯಿತ್ತು. ಅದು 144 ಗ್ರಾಂ ತೂಗುತ್ತಿತ್ತು. 1908ರ ಮಾದರಿಯಲ್ಲಿ ಮರದ ಜಾಗಕ್ಕೆ ಫೈಬರ್ ಬಂದಿತು. ಹತ್ತಿಯ ನಾರಿನ ಕಾಗದದ ಪದರಗಳನ್ನು ಸತುವಿನ ಕ್ಲೋರೈಡಿನಲ್ಲಿ ನೆನೆಸಿ, ಒಂದರ ಮೇಲೊಂದು ಒತ್ತಿ ಗಟ್ಟಿಗೊಳಿಸಿದ ಹಲಗೆಯೇ ಈ ಫೈಬರ್. ಮರವೂ ಫೈಬರೂ ಬೆವರನ್ನು ತುಸು ಹೀರಿಕೊಳ್ಳುವ ವಸ್ತುಗಳಾದುದರಿಂದ ಅಂಗೈಗೆ ಒಗ್ಗುತ್ತಿದ್ದವು.

1961ರ ಮಾದರಿಯಲ್ಲಿ ಸೇನೆ ಅಲ್ಯೂಮಿನಿಯಂ ಹಿಡಿಯನ್ನು ಆಯ್ದುಕೊಂಡಾಗ ಚಾಕುವಿನ ದಪ್ಪ 12 ಮಿಲಿಮೀಟರಿಗೂ ತೂಕ 72 ಗ್ರಾಮಿಗೂ, ಅಂದರೆ ಮೊದಲ ಮಾದರಿಯ ಸರಿಯಾಗಿ ಅರ್ಧಕ್ಕೆ, ಇಳಿದವು. ಆದರೆ ನುಣುಪಾದ ಲೋಹ ನೀರನ್ನು ಹೀರುವುದಿಲ್ಲ. ಬೆವರು ಅದರ ಮೇಲೆ ಪೊರೆಯಾಗಿ ನಿಂತು ಬೆರಳನ್ನು ಜಾರಿಸುತ್ತದೆ. ಚಳಿಯಲ್ಲಿ ಅದು ಕೈಯ ಶಾಖವನ್ನು ಬೇಗ ಎಳೆದುಕೊಂಡು ಬೆರಳುಗಳಿಗೆ ಜೋಮು ಹಿಡಿಸುತ್ತದೆ. ಹಿಮದ ಬೆಟ್ಟಗಳಲ್ಲಿ ಪಹರೆ ನಿಲ್ಲುವ ಸೈನಿಕನಿಗೆ ಇದು ಸಣ್ಣ ಕೊರತೆಯಲ್ಲ.

ಇದಕ್ಕೆ ಕಂಡುಕೊಂಡ ಪರಿಹಾರ ತೀರ ಸರಳವಾದುದು, ಮತ್ತು ಆ ಸರಳತೆಯೇ ಅದರ ಹೆಚ್ಚಳ. ಹಿಡಿಯ ಎರಡು ಮಗ್ಗುಲಿಗೆ ಬರುವ ತೆಳು ಅಲ್ಯೂಮಿನಿಯಂ ಪಟ್ಟಿಗಳನ್ನು ಅಚ್ಚಿನಲ್ಲಿಟ್ಟು ಒತ್ತಿದಾಗ, ಓರೆಯಾಗಿ ಹಾಯುವ ಗೆರೆಗಳು ಪರಸ್ಪರ ಕತ್ತರಿಸಿ, ಅವುಗಳ ನಡುವೆ ಮೊನೆ ಮೊಂಡಾದ ಪುಟ್ಟ ಪುಟ್ಟ ಉಬ್ಬುಗಳು ಸಾಲುಗಟ್ಟಿ ಏಳುತ್ತವೆ. ಶಿಲುಬೆಯ ಲಾಂಛನವಿರುವ ಗುರಾಣಿಯಷ್ಟೇ ಜಾಗ ನುಣುಪಾಗಿ ಉಳಿಯುತ್ತದೆ. ಚರ್ಮ ಈ ಉಬ್ಬುಗಳ ನಡುವಣ ತಗ್ಗಿಗೆ ಕೊಂಚ ಇಳಿದು ಕಚ್ಚಿಕೊಳ್ಳುತ್ತದೆ, ನೀರಿಗೆ ಗೆರೆಗಳಲ್ಲಿ ಸರಿದುಹೋಗಲು ದಾರಿಯಾಗುತ್ತದೆ. ಬಳಿಕ ಪಟ್ಟಿಯನ್ನು ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ, ಮೇಲ್ಮೈಯಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಗಡುಸಾದ ಪೊರೆಯನ್ನು ಬೆಳೆಸುತ್ತಾರೆ. ಆನೊಡೈಸಿಂಗ್ ಎಂಬ ಈ ಕ್ರಿಯೆಯಿಂದಲೇ ಈ ಹಿಡಿಗೆ ಅಲಾಕ್ಸ್ ಎಂಬ ಹೆಸರು ಬಂದಿದೆ. ಮೆದುವಾದ ಅಲ್ಯೂಮಿನಿಯಂ ಬರಿದಾಗಿ ಇದ್ದಿದ್ದರೆ ಉಬ್ಬುಗಳು ಬಹು ಬೇಗ ಸವೆದು ಹಿಡಿ ಮತ್ತೆ ನುಣುಪಾಗುತ್ತಿತ್ತು. ಒತ್ತಿದ ಅಚ್ಚಿಗಿಂತ ಅದನ್ನು ಕಾಯುವ ಪೊರೆಗೇ ಈ ವಿನ್ಯಾಸದಲ್ಲಿ ಹೆಚ್ಚಿನ ಗೌರವ ಸಲ್ಲಬೇಕು. ಉಬ್ಬಿನ ಎತ್ತರದಲ್ಲಿಯೂ ವಿವೇಕವಿದೆ: ಇನ್ನಷ್ಟು ಚೂಪಾಗಿದ್ದರೆ ಅಂಗೈಯನ್ನೂ ಕಿಸೆಯ ಬಟ್ಟೆಯನ್ನೂ ತರಚುತ್ತಿತ್ತು.

ಈ ಮಾದರಿಯನ್ನು ಸೇನೆ ಸುಮಾರು ಅರ್ಧ ಶತಮಾನ ಬಳಸಿತು. 2008ರ ಮಾದರಿ 111 ಮಿಲಿಮೀಟರ್ ಉದ್ದಕ್ಕೂ 131 ಗ್ರಾಂ ತೂಕಕ್ಕೂ ಬೆಳೆದು, ಗಟ್ಟಿ ಪ್ಲಾಸ್ಟಿಕ್ಕಿನ ನಡುವೆ ರಬ್ಬರಿನಂಥ ಮೆದು ವಸ್ತುವನ್ನು ಕೂಡಿಸಿದ ಹಿಡಿಯನ್ನು ಪಡೆಯಿತು. ಜಾರುವ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿಕೊಳ್ಳುವ ಕೆಲಸಗಾರನ ಉಪಾಯವೇ ಅಲ್ಲಿ ಕಾರ್ಖಾನೆಯ ರೂಪದಲ್ಲಿ ಮರಳಿತು. ಅಲಾಕ್ಸ್ ಹಿಡಿ ಮಾತ್ರ ನಾಗರಿಕರಿಗೆ ಮಾರುವ ಚಾಕುಗಳಲ್ಲಿ ಇಂದಿಗೂ ಉಳಿದಿದೆ. ಬಹುಕಾಲ ಕೀಲಿಕೈಗಳೊಂದಿಗೆ ಕಿಸೆಯಲ್ಲಿ ಉಜ್ಜಾಡಿದ ಅಂಥ ಚಾಕುವಿನಲ್ಲಿ ಅಂಚಿನ ಉಬ್ಬುಗಳ ನೆತ್ತಿ ಸವೆದು ಹೊಳೆಯುತ್ತಿದ್ದರೂ, ಗೆರೆಗಳ ತಳದಲ್ಲಿ ಮೂಲದ ಮಬ್ಬು ಬೂದುಬಣ್ಣ ಹಾಗೆಯೇ ಇರುತ್ತದೆ.