ಗೋಡೆಯ ತೇವತಡೆ (ಶಿಕಾರಿಪುರ ಮತ್ತು ಸೊರಬ)

ಗೋಡೆಗೆ ನೀರು ಇಳಿಯದಂತೆ, ಏರದಂತೆ ಮಾಡುವ ರಕ್ಷಣೆಯೇ ತೇವತಡೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ, ಅದರಲ್ಲೂ ಮಳೆ ಹೆಚ್ಚಿರುವ ಸೊರಬದಲ್ಲಿ, ಹೊಸ ಮನೆಗೆ ಇದು ಅತ್ಯಗತ್ಯ. ಮುಂಗಾರಿನ ಇರಚಲಿಗೆ ಚಾಚಿದ ಸೂರು, ಗೋಡೆಗೆ ಕಟ್ಟುವ ಅಡಿಕೆ ಸೋಗೆಯ ತಟ್ಟಿ ಮಲೆನಾಡಿನ ಹಳೆಯ ಉಪಾಯಗಳು. ಆದರೆ ನೆಲದ ನೀರಿಗೆ ಇವು ತಡೆಯಲ್ಲ. ಅದು ಲೋಮನಾಳ ಕ್ರಿಯೆಯಿಂದ ಮಣ್ಣು, ಇಟ್ಟಿಗೆ, ಜಂಬಿಟ್ಟಿಗೆಗಳ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರಿ, ಒಣಗುವಾಗ ಬಿಳಿಯ ಲವಣವನ್ನು ಗೋಡೆಯ ಮೇಲೆ ಉಳಿಸುತ್ತದೆ. ಇದಕ್ಕೆ ಪ್ಲಿಂತ್ ಮಟ್ಟದಲ್ಲಿ, ಗೋಡೆಯ ಪೂರ್ಣ ಅಗಲಕ್ಕೆ, ಜಲನಿರೋಧಕ ಬೆರೆಸಿದ ಸುಮಾರು 40 ಮಿ.ಮೀ. ದಪ್ಪದ 1:2:4 ಕಾಂಕ್ರೀಟ್ ಪದರವನ್ನು ಹಾಕುತ್ತಾರೆ. ಗೋಡೆ ಎದ್ದ ಮೇಲೆ ಇದನ್ನು ಸೇರಿಸುವುದು ಬಹಳ ಕಷ್ಟ. ಖರ್ಚು ಉಳಿಸಲು ಬಿಡತಕ್ಕದ್ದಲ್ಲ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದರೆ ಒಳಸೇರಿದ ತೇವ ಹೊರಹೋಗಲಾರದೆ ಗಿಲಾವು ಕಳಚುತ್ತದೆ. ಅಲ್ಲಿ ಸುಣ್ಣದ ಗಾರೆಯೇ ಮೇಲು.