ಊಟದ ಮೇಜಿನಿಂದ ಹೊರಟ ಕಾರ್ಡು



ಸಾಲವನ್ನು ಕುರಿತ ಸರ್ವಜ್ಞನ ತ್ರಿಪದಿಯನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದವರು ನಾವು. ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವನ್ನು ಊರಿನ ಅಂಗಡಿಗಳಲ್ಲಿ ಓದುತ್ತ ಬೆಳೆದವರೂ ನಾವೇ. ಅಂತಹ ನಮ್ಮ ಮನೆಗಳಿಗೆ, ಈ ಅಮೆರಿಕದಲ್ಲಿ, ‘ನಮ್ಮ ಉದ್ರಿಯಲ್ಲಿ ಊಟ ಮಾಡಿ, ನಿಮಗೆ ಬಹುಮಾನ ಕೊಡುತ್ತೇವೆ’ ಎನ್ನುವ ಪತ್ರಗಳು ಎಡೆಬಿಡದೆ ಬರುತ್ತವೆ. ರೆಸ್ಟೋರೆಂಟಿನ ಖರ್ಚಿಗೆ ಯಾವ ಕ್ರೆಡಿಟ್ ಕಾರ್ಡು ಒಳ್ಳೆಯದೆಂಬ ಚರ್ಚೆ ನಮ್ಮ ಕೂಟಗಳಲ್ಲಿ ಹೊಸದಲ್ಲ. ಆ ಪ್ರಶ್ನೆಗೆ ಉತ್ತರಿಸುವ ಮುನ್ನ, ಈ ಬಹುಮಾನ ಯಾರ ಗಂಟಿನಿಂದ ಬರುತ್ತದೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಉಚಿತವೆಂದು ಭಾವಿಸುತ್ತೇವೆ.

ಅನೇಕ ಅಂಗಡಿಗಳಲ್ಲಿ ನಡೆಯುವ ಕಾರ್ಡಿನ ಕಥೆ ಆರಂಭವಾಗುವುದೇ ಊಟದ ಮೇಜಿನಲ್ಲಿ. ಫ್ರಾಂಕ್ ಮೆಕ್‌ನಮಾರಾ ಎಂಬ ವ್ಯಾಪಾರಿ ನ್ಯೂಯಾರ್ಕಿನ ಮೇಜರ್ಸ್ ಕ್ಯಾಬಿನ್ ಗ್ರಿಲ್ ಎಂಬ ಭೋಜನಗೃಹದಲ್ಲಿ ಉಂಡು, ಬಿಲ್ಲು ಬಂದಾಗ ಹಣದ ಚೀಲ ಮರೆತುಬಂದದ್ದು ತಿಳಿದು ಪೇಚಿಗೆ ಸಿಲುಕಿದನೆಂದೂ, ಆ ಅವಮಾನದಿಂದಲೇ ಕಾರ್ಡಿನ ಕಲ್ಪನೆ ಹುಟ್ಟಿತೆಂದೂ ಹೇಳುತ್ತಾರೆ. ಇದು ಪ್ರಚಾರಕ್ಕಾಗಿ ಹೆಣೆದ ಕಥೆಯಿರಬೇಕೆಂದು ಸಂಶಯಪಡುವವರೂ ಇದ್ದಾರೆ. ಅದೇನೇ ಇರಲಿ, ಮೆಕ್‌ನಮಾರಾ ಮತ್ತು ವಕೀಲ ರಾಲ್ಫ್ ಶ್ನೈಡರ್ ಕೂಡಿ 1950ರಲ್ಲಿ ಡೈನರ್ಸ್ ಕ್ಲಬ್ಬನ್ನು ಸ್ಥಾಪಿಸಿದರು. ಹೆಸರೇ ಹೇಳುವಂತೆ ಅದು ಉಣ್ಣುವವರ ಕ್ಲಬ್ಬು.

ಅಂದಿನ ಕಾರ್ಡು ಪ್ಲಾಸ್ಟಿಕ್ಕಿನದಲ್ಲ, ರಟ್ಟಿನದು. ಅದರಲ್ಲಿ ಬಡ್ಡಿಯ ಮಾತಿರಲಿಲ್ಲ. ತಿಂಗಳ ಬಿಲ್ಲನ್ನು ಪೂರ್ತಿಯಾಗಿ ತೀರಿಸಬೇಕಾಗಿತ್ತು. ಗಿರಾಕಿಗಳನ್ನು ಕರೆದುಕೊಂಡು ಊಟಕ್ಕೆ ಹೋಗುವ ವ್ಯಾಪಾರಿಗಳಿಗೆ, ಆದಾಯ ತೆರಿಗೆಯ ಲೆಕ್ಕಕ್ಕೆ, ತಿಂಗಳ ಖರ್ಚೆಲ್ಲ ಒಂದೇ ಹಾಳೆಯಲ್ಲಿ ಸಿಗುವುದು ದೊಡ್ಡ ಅನುಕೂಲವಾಯಿತು. ಆದರೆ ಇಲ್ಲಿ ಗಮನಿಸಬೇಕಾದ ಅಂಶ ಬೇರೆಯದು. ಪ್ರತಿ ಬಿಲ್ಲಿನ ಮೇಲೆ ಹೋಟೆಲಿನ ಮಾಲೀಕ ಕ್ಲಬ್ಬಿಗೆ ಶೇಕಡಾ 7ರಷ್ಟು ಕಮಿಷನ್ ಬಿಟ್ಟುಕೊಡಬೇಕಿತ್ತು. ಉಂಡವನಿಗೆ ಸೌಕರ್ಯ, ಬಡಿಸಿದವನಿಗೆ ವೆಚ್ಚ: ಈ ಏರ್ಪಾಡಿನ ಅಡಿಗಲ್ಲು ಬಿದ್ದದ್ದು ಅಂದೇ.

ಎರಡನೆಯ ಹೆಜ್ಜೆಯನ್ನು ಇಟ್ಟದ್ದು ಬ್ಯಾಂಕುಗಳು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯದ ಫ್ರೆಸ್ನೊ ಪಟ್ಟಣದಲ್ಲಿ ಸುಮಾರು 60,000 ಕಾರ್ಡುಗಳನ್ನು, ಯಾರೂ ಕೇಳದಿದ್ದರೂ, ಅಂಚೆಯ ಮೂಲಕ ಮನೆಮನೆಗೆ ಕಳಿಸಿತು. ಬಿಲ್ಲನ್ನು ಪೂರ್ತಿ ತೀರಿಸದೆ ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟುತ್ತ ಹೋಗುವ ಅವಕಾಶ ಇದರಲ್ಲಿತ್ತು. ಇದೇ ಕಾರ್ಡು 1976ರಲ್ಲಿ ವೀಸಾ ಎಂಬ ಹೆಸರು ಪಡೆಯಿತು. ಹೀಗೆ ಕಾರ್ಡಿನ ಕಂಪನಿಗೆ ಎರಡು ಆದಾಯಗಳಾದವು: ಒಂದು ಅಂಗಡಿಯವನ ಕಮಿಷನ್, ಇನ್ನೊಂದು ಗಿರಾಕಿಯ ಬಡ್ಡಿ.

ಬಡ್ಡಿಯ ಕಟ್ಟು ಸಡಿಲವಾದದ್ದು 1978ರಲ್ಲಿ. ಬ್ಯಾಂಕು ತಾನು ನೆಲೆಸಿದ ರಾಜ್ಯದ ಬಡ್ಡಿ ದರವನ್ನೇ ಬೇರೆ ರಾಜ್ಯದ ಗಿರಾಕಿಗಳ ಮೇಲೂ ವಿಧಿಸಬಹುದೆಂದು ಸುಪ್ರೀಂ ಕೋರ್ಟು ಮಾರ್ಕೆಟ್ ಬ್ಯಾಂಕಿನ ಪ್ರಕರಣದಲ್ಲಿ ತೀರ್ಪಿತ್ತಿತು. ಬಡ್ಡಿಯ ಮಿತಿಯನ್ನು ತೆಗೆದುಹಾಕಿದ ಸೌತ್ ಡಕೋಟಕ್ಕೆ ಸಿಟಿಬ್ಯಾಂಕು ತನ್ನ ಕಾರ್ಡು ವ್ಯವಹಾರವನ್ನು ಕೊಂಡೊಯ್ಯಿತು. ಲಾಭ ಹೆಚ್ಚಿತು, ಪೈಪೋಟಿಯೂ ಹೆಚ್ಚಿತು. ಬಹುಮಾನಗಳ ಯುಗ ಆರಂಭವಾದದ್ದು ಈ ಹಿನ್ನೆಲೆಯಲ್ಲಿ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ತನ್ನ ಪ್ರಯಾಣಿಕರಿಗೆ ಮೈಲುಗಳ ಲೆಕ್ಕದಲ್ಲಿ ಉಡುಗೊರೆ ಕೊಡತೊಡಗಿತ್ತು. 1986ರಲ್ಲಿ ಸಿಯರ್ಸ್ ಸಂಸ್ಥೆಯ ಡಿಸ್ಕವರ್ ಕಾರ್ಡು, ವಾರ್ಷಿಕ ಶುಲ್ಕವಿಲ್ಲದೆ, ಖರ್ಚಿನ ಒಂದಂಶವನ್ನು ನಗದಾಗಿ ಹಿಂದಿರುಗಿಸುವ ಪದ್ಧತಿಯನ್ನು ದೇಶಕ್ಕೆಲ್ಲ ಪರಿಚಯಿಸಿತು. 1987ರಲ್ಲಿ ಸಿಟಿಬ್ಯಾಂಕು ಅಮೆರಿಕನ್ ಏರ್‌ಲೈನ್ಸಿನ ಮೈಲುಗಳನ್ನು ಕಾರ್ಡಿಗೆ ಜೋಡಿಸಿತು.

ಮುಂದಿನ ದಶಕಗಳಲ್ಲಿ ಪೈಪೋಟಿ ಮರಳಿ ತವರಿಗೆ, ಅಂದರೆ ಊಟದ ಮೇಜಿಗೇ ಬಂದಿತು. 2016ರಲ್ಲಿ ಚೇಸ್ ಬ್ಯಾಂಕಿನ ಸಫೈರ್ ರಿಸರ್ವ್ ಕಾರ್ಡು 450 ಡಾಲರ್ ವಾರ್ಷಿಕ ಶುಲ್ಕದೊಡನೆ, ಪ್ರಯಾಣ ಮತ್ತು ರೆಸ್ಟೋರೆಂಟಿನ ಖರ್ಚಿಗೆ ಡಾಲರಿಗೆ 3 ಪಾಯಿಂಟುಗಳನ್ನು ಕೊಟ್ಟಿತು. 2018ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ಸಿನ ಗೋಲ್ಡ್ ಕಾರ್ಡು 4 ಪಾಯಿಂಟುಗಳಿಗೆ ಏರಿತು. ಹೊರಗೆ ಮೇಲಿಂದ ಮೇಲೆ ಉಣ್ಣುವ ಉಳ್ಳವರ ಕುಟುಂಬಗಳೇ ಈ ಬಲೆಯ ಗುರಿಯಾಗಿದ್ದವು.

ಇನ್ನು ಮೂಲ ಪ್ರಶ್ನೆ: ಇದನ್ನೆಲ್ಲ ಕೊಡುವವರು ಯಾರು? ಕಮಿಷನ್ ದರ 1950ಕ್ಕಿಂತ ಇಳಿದು ನೂರು ಡಾಲರಿಗೆ ಸಾಮಾನ್ಯವಾಗಿ ಎರಡು ಮೂರು ಡಾಲರಿಗೆ ಬಂದಿದೆ. ಆದರೆ ಹೆಚ್ಚು ಬಹುಮಾನ ಕೊಡುವ ಕಾರ್ಡುಗಳಿಗೆ ಅಂಗಡಿಯವನು ತೆರಬೇಕಾದ ಕಮಿಷನ್ ಕೂಡ ಹೆಚ್ಚು. ಅವನು ಅದನ್ನು ದೋಸೆಯ ಬೆಲೆಯಲ್ಲಿಯೇ ಸೇರಿಸುತ್ತಾನೆ. ಆ ಬೆಲೆಯನ್ನು ನಗದು ಕೊಟ್ಟವನೂ ತೆರುತ್ತಾನೆ. ಬೋಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಗದು ಬಳಸುವ ಕುಟುಂಬ ವರ್ಷಕ್ಕೆ ಸರಾಸರಿ 149 ಡಾಲರನ್ನು ಕಾರ್ಡು ಬಳಸುವವರಿಗೆ ಕೊಟ್ಟಂತಾಗುತ್ತದೆ. ಕಾರ್ಡು ಬಳಸುವ ಕುಟುಂಬ ಸರಾಸರಿ 1,133 ಡಾಲರ್ ಪಡೆದಂತಾಗುತ್ತದೆ. ಬಡವನ ತಟ್ಟೆಯಿಂದ ಉಳ್ಳವನ ಎಲೆಗೆ ತುಪ್ಪ ಸುರಿದಂತಾಯಿತಲ್ಲವೆ? ಕಡಿಮೆ ಕಮಿಷನ್ನಿನ ಕಾರ್ಡು ಬಳಸಿರೆಂದು ಗಿರಾಕಿಯನ್ನು ಪ್ರೇರೇಪಿಸದಂತೆ ವ್ಯಾಪಾರಿಯನ್ನು ತಡೆಯುವ ಅಮೆರಿಕನ್ ಎಕ್ಸ್‌ಪ್ರೆಸ್ಸಿನ ಷರತ್ತುಗಳನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಈ ಹಿನ್ನೆಲೆಯನ್ನು ಅರಿತು ಆಯ್ಕೆ ಮಾಡುವವರಿಗೆ ಮೂರು ಮಾತುಗಳು.

ಮೊದಲನೆಯದು ಬಾಕಿ ಉಳಿಸದಿರುವುದು. ಸಾವಿರ ಡಾಲರ್ ಊಟಕ್ಕೆ ಶೇಕಡಾ 4ರಂತೆ 40 ಡಾಲರ್ ಬಹುಮಾನ ಬಂದಿತೆನ್ನೋಣ. ಆ ಸಾವಿರವನ್ನು ವರ್ಷಕ್ಕೆ ಶೇಕಡಾ 24ರ ಬಡ್ಡಿಗೆ ಬಾಕಿ ಇಟ್ಟರೆ ತಿಂಗಳಿಗೆ 20 ಡಾಲರ್ ಹೋಗುತ್ತದೆ. ಎರಡೇ ತಿಂಗಳಲ್ಲಿ ಬಹುಮಾನ ಬಡ್ಡಿಯ ಪಾಲಾಗುತ್ತದೆ. ತಿಂಗಳ ಬಿಲ್ಲನ್ನು ಪೂರ್ತಿ ತೀರಿಸಲಾಗದ ಮನೆಗೆ ಯಾವ ಬಹುಮಾನದ ಕಾರ್ಡೂ ತಕ್ಕುದಲ್ಲ.

ಎರಡನೆಯದು ವಾರ್ಷಿಕ ಶುಲ್ಕದ ಲೆಕ್ಕ. ಶುಲ್ಕವಿಲ್ಲದ ಒಂದು ಕಾರ್ಡು ಎಲ್ಲ ಖರ್ಚಿಗೂ ಶೇಕಡಾ 2 ಕೊಡುತ್ತದೆ, 95 ಡಾಲರ್ ಶುಲ್ಕದ ಇನ್ನೊಂದು ಊಟಕ್ಕೆ ಶೇಕಡಾ 4 ಕೊಡುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 3,000 ಡಾಲರ್ ಹೊರಗೆ ಉಣ್ಣುವ ಕುಟುಂಬಕ್ಕೆ ಎರಡರ ವ್ಯತ್ಯಾಸ 60 ಡಾಲರ್ ಮಾತ್ರ. ಶುಲ್ಕ ಕಳೆದರೆ 35 ಡಾಲರ್ ನಷ್ಟ. 4,750 ಡಾಲರ್ ದಾಟಿದ ಮೇಲಷ್ಟೇ ಲಾಭ. ಮನೆಯಲ್ಲಿ ಸಾರು-ಹುಳಿ ಮಾಡಿ ಉಣ್ಣುವ ಕುಟುಂಬಕ್ಕೆ ಊಟದ ಕಾರ್ಡಿಗಿಂತ ದಿನಸಿ ಅಂಗಡಿಯ ಖರ್ಚಿಗೆ ಹೆಚ್ಚು ಕೊಡುವ ಕಾರ್ಡೇ ಮೇಲಾಗಬಹುದು.

ಮೂರನೆಯದು, ‘ರೆಸ್ಟೋರೆಂಟ್’ ಎಂದು ತೀರ್ಮಾನಿಸುವವರು ನಾವಲ್ಲ. ಪ್ರತಿ ವ್ಯಾಪಾರಕ್ಕೂ ನಾಲ್ಕಂಕಿಯ ಸಂಕೇತವೊಂದಿರುತ್ತದೆ. ರೆಸ್ಟೋರೆಂಟಿಗೆ 5812, ತ್ವರಿತ ಆಹಾರದ ಅಂಗಡಿಗೆ 5814, ಅಡುಗೆ ಮಾಡಿಸಿ ತರಿಸುವ ಕೇಟರಿಂಗಿಗೆ 5811, ದಿನಸಿ ಅಂಗಡಿಗೆ 5411. ಮಗಳ ಮದುವೆಯ ಊಟವನ್ನು ಕೇಟರಿಂಗಿನವರಿಂದ ತರಿಸಿದರೆ, ಅಥವಾ ಭಾರತೀಯ ದಿನಸಿ ಅಂಗಡಿಯ ಮೂಲೆಯಲ್ಲಿ ಇಡ್ಲಿ ತಿಂದರೆ, ಊಟದ ಬಹುಮಾನ ದೊರೆಯದೆ ಹೋಗಬಹುದು. ದೊಡ್ಡ ಖರ್ಚಿಗೆ ಮುನ್ನ ಕಂಪನಿಯ ನಿಯಮ ಓದುವುದು ಲೇಸು.

ಇಷ್ಟು ತಿಳಿದ ಮೇಲೂ ಬಹುಮಾನವನ್ನು ನಿರಾಕರಿಸಬೇಕೆಂದು ನಾವು ಹೇಳುವುದಿಲ್ಲ. ನಾವೊಬ್ಬರು ಬಿಟ್ಟ ಮಾತ್ರಕ್ಕೆ ದೋಸೆಯ ಬೆಲೆ ಇಳಿಯದು. ಆದರೆ ನಮ್ಮೂರಿನ ರುಚಿಯನ್ನು ಈ ದೂರದ ನೆಲದಲ್ಲಿ ಉಳಿಸಿಕೊಂಡು ಬರುತ್ತಿರುವ ಸಣ್ಣ ಹೋಟೆಲುಗಳ ಲಾಭದ ಅಂಚು ತೆಳುವಾದದ್ದು. ಅಂತಹ ಕಡೆ ಕೆಲವು ಸಲವಾದರೂ ನಗದು ಕೊಟ್ಟರೆ, ಆ ಎರಡು ಮೂರು ಡಾಲರ್ ಅಡುಗೆ ಮಾಡಿದವರಲ್ಲೇ ಉಳಿಯುತ್ತದೆ. ದೊಡ್ಡ ಸರಪಳಿ ಹೋಟೆಲುಗಳಲ್ಲಿ ಕಾರ್ಡು, ನಮ್ಮವರ ಹೋಟೆಲಿನಲ್ಲಿ ನಗದು: ಈ ಪುಟ್ಟ ವ್ರತವನ್ನು ಸಂಘದ ಕುಟುಂಬಗಳು ಯೋಚಿಸಿ ನೋಡಲೆಂದು ಕೋರುತ್ತೇವೆ.